ಗುರುವಾರದ ಬಾಣಂತಿಯರು

ಕಳೆದ ತಿಂಗಳು ಮೈಸೂರಿನಿಂದ ನನಗೊಂದು ಪತ್ರ ಬಂತು. ಬರೆದವರು ದೆಹಲಿಯ ಒಂದು ಸಚಿವಾಲಯದಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಮೇಲ್ಗಡೆ ‘ವಿಷಯ: ನನ್ನ ಪತ್ನಿ ತೀರಿಕೊಂಡ ಬಗ್ಗೆ’ ಎಂದಿತ್ತು. ಅದರ ಕೆಳಗೆ ‘ಉಲ್ಲೇಖ: ತಾವು ಯುಗಾದಿಗೆ ಬರೆದ ಪತ್ರ’. ಅದರ ಕೆಳಗೆ ಅಂಕಿ ಹಾಕಿದ ಮೂರು ಪ್ಯಾರಾ. ಮೊದಲನೆಯದರಲ್ಲಿ ಯಾವ ಆಸ್ಪತ್ರೆ, ಯಾವ ವಾರ್ಡು, ಎಷ್ಟು ಗಂಟೆಗೆ ಎಂಬ ವಿವರ. ಎರಡನೆಯದರಲ್ಲಿ, ಕ್ರಿಯೆಗಳೆಲ್ಲ ಮುಗಿದಿವೆ, ನಾನು ಪುಣೆಯಿಂದ ಹೊರಟು ಬರುವ ಅಗತ್ಯವಿಲ್ಲ ಎಂದು. ಮೂರನೆಯದು ಒಂದೇ ಸಾಲು: ‘ಮನೆಯಲ್ಲಿ ಈಗ ಶಬ್ದವೇ ಇಲ್ಲ, ಇದು ತಮ್ಮ ಅವಗಾಹನೆಗೆ.’

ಆ ಶಬ್ದದ ಬಗ್ಗೆ ಬರೆಯಬೇಕೆಂದು ಕೂತಿದ್ದೇನೆ. ನಾನು ಕಂಡದ್ದು, ಕೇಳಿದ್ದು ಮಾತ್ರ. ತೀರಿಕೊಂಡವರ ಹೆಸರನ್ನು ಬರೆಯುವುದಿಲ್ಲ. ಎಲ್ಲಿಯೂ ಹೆಸರು ಬರೆದುಕೊಡಬಾರದು ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು, ಕಾರಣವನ್ನು ಮುಂದೆ ಹೇಳುತ್ತೇನೆ. ನಾವು ಅವರನ್ನು ಅಕ್ಕಾಜಿ ಎನ್ನುತ್ತಿದ್ದೆವು. ಅಕ್ಕ ಎಂದು ಕರೆದವಳು ನಾನು. ಬರೀ ಅಕ್ಕ ಎಂದರೆ ಮರ್ಯಾದೆ ಕಡಿಮೆಯಾದೀತೆಂದು ‘ಜಿ’ ಸೇರಿಸಿದವಳು ನಮ್ಮ ಗುಂಪಿನ ಪಂಜಾಬಿ ಹೆಂಗಸು.

ಗುಂಪು ಎಂದೆ. ಯಾವ ಗುಂಪು ಎಂದೂ ಹೇಳಬೇಕು. ದಕ್ಷಿಣ ದೆಹಲಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ, ಮಗುವನ್ನು ಹೊಟ್ಟೆಯಲ್ಲೇ ಕಳೆದುಕೊಂಡವರನ್ನು, ಹೆತ್ತ ಮೇಲೆ ಕಳೆದುಕೊಂಡವರನ್ನು, ಆಮೇಲೆ ಮನಸ್ಸು ಮೇಲೇಳದೆ ಉಳಿದವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸುತ್ತಿದ್ದರು. ಎಂಟು ಗುರುವಾರಗಳ ಚಿಕಿತ್ಸೆ. ನಡೆಸುತ್ತಿದ್ದವರು ಒಬ್ಬ ಮನಶ್ಶಾಸ್ತ್ರಜ್ಞೆ. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು, ದೊಡ್ಡ ಕನ್ನಡಕ, ಕೈಯಲ್ಲಿ ಸದಾ ಒಂದು ಕ್ಲಿಪ್ ಹಾಕಿದ ಹಲಗೆ. ನಾವು ಅವರನ್ನು ಡಾಕ್ಟರ್ ಎನ್ನುತ್ತಿದ್ದೆವು.

ನನ್ನ ಮಗಳು ಮೂರು ದಿನ ಇದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಗಂಡ ಮತ್ತು ಅವರ ಕಾರ್ಖಾನೆಯ ಇಬ್ಬರು ಸಹೋದ್ಯೋಗಿಗಳು ಅವಳನ್ನು ತೆಗೆದುಕೊಂಡು ಹೋದರು. ನಾನು ಹಾಸಿಗೆಯ ಮೇಲಿದ್ದೆ. ಎಲ್ಲಿಗೆ ಒಯ್ದರು, ಎಲ್ಲಿ ಇಟ್ಟರು ಎಂದು ಯಾರೂ ಹೇಳಲಿಲ್ಲ. ಕೇಳಬಾರದು, ಕೇಳಿದರೆ ಮನಸ್ಸು ಅಲ್ಲೇ ಹೋಗಿ ಕೂರುತ್ತದೆ ಎಂದು ದಾವಣಗೆರೆಯಿಂದ ಬಾಣಂತನಕ್ಕೆಂದು ಬಂದಿದ್ದ ಅಮ್ಮ ಹೇಳಿದರು. ಮೆಣಸು, ಅಂಟು, ಲೇಹ್ಯದ ಡಬ್ಬಿ, ಹಳೆಯ ಹತ್ತಿ ಸೀರೆ ಎಲ್ಲವನ್ನೂ ಅವರು ತಂದಿದ್ದರು. ಐದನೆಯ ದಿನ ಅದನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿದರು. ವಾರ ಕಳೆದು ಊರಿಗೆ ಹೊರಟರು. ಮಗುವಿಲ್ಲದ ಮೇಲೆ ಬಾಣಂತನ ಯಾರಿಗೆ? ಮಾರ್ಚ್ ಕೊನೆಗೆ ನನ್ನ ಗಂಡನಿಗೆ ಪುಣೆಗೆ ವರ್ಗವಾಗಿತ್ತು. ಅಷ್ಟರೊಳಗೆ ಕೇಳದಿದ್ದರೆ, ಇಷ್ಟು ದೊಡ್ಡ ಊರಿನಲ್ಲಿ ಆ ಒಂದು ಜಾಗ ನನ್ನ ಪಾಲಿಗೆ ಇಲ್ಲವೇ ಆಗುತ್ತಿತ್ತು. ಅವಳನ್ನು ಎಲ್ಲಿ ಇಟ್ಟಿರಿ? ಇಷ್ಟೇ ಪ್ರಶ್ನೆ. ಅದಕ್ಕೆ ಬಾಯಿ ಬರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ಯಾವುದಕ್ಕೂ ಬಾಯಿ ಬರುತ್ತಿರಲಿಲ್ಲ.

ನಾವಿದ್ದದ್ದು ಮುನಿರ್ಕಾದಲ್ಲಿ. ನನ್ನ ಗಂಡ ಬೆಳಿಗ್ಗೆ ಆರಕ್ಕೆ ಮಾನೇಸರಿನ ಕಾರ್ಖಾನೆಯ ಬಸ್ಸು ಹತ್ತಿದರೆ ಬರುವುದು ರಾತ್ರಿ. ನನ್ನನ್ನು ಒಬ್ಬಳೇ ಆಸ್ಪತ್ರೆಗೆ ಕಳಿಸಲು ಅವರಿಗೆ ಹೆದರಿಕೆ. ಕನ್ನಡದವರ ಕೂಟದಲ್ಲಿ ಪರಿಚಯವಾಗಿದ್ದ, ಪಕ್ಕದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ ಹಿರಿಯರೊಬ್ಬರಿಗೆ ವಿಷಯ ಹೇಳಿದರು. ‘ಪರಿಶೀಲಿಸುತ್ತೇನೆ’ ಎಂದರಂತೆ ಅವರು. ಗುರುವಾರ ಎರಡು ಗಂಟೆಗೆ ಅವರ ಹೆಂಡತಿ ನಮ್ಮ ಬಾಗಿಲು ಬಡಿದರು.

ಐವತ್ತು ದಾಟಿದ, ಕುಳ್ಳಗೆ ದುಂಡಗಿನ ಹೆಂಗಸು. ಸೀರೆಯ ಮೇಲೆ ಗಂಡನ ತೋಳಿಲ್ಲದ ಸ್ವೆಟರು, ಕಾಲಿಗೆ ಸಾಕ್ಸು, ಸಾಕ್ಸಿನ ಮೇಲೆ ಹವಾಯಿ ಚಪ್ಪಲಿ. ಸಾಕ್ಸಿನ ಹೆಬ್ಬೆರಳಿನ ಪಕ್ಕ ಕತ್ತರಿಯಿಂದ ಒಂದು ಸೀಳು, ಚಪ್ಪಲಿಯ ಪಟ್ಟಿ ಕೂರಲೆಂದು. ದೆಹಲಿಯ ಚಳಿಯನ್ನು ಅವರು ಇಪ್ಪತ್ತೆಂಟು ವರ್ಷದಿಂದ ಹೀಗೆಯೇ ಎದುರಿಸುತ್ತಿದ್ದರಂತೆ.

ಆಟೋ ಹತ್ತಿ ಕೂತ ಮೇಲೆ ಅವರು ಕೇಳಿದ ಮೊದಲ ಮಾತು: “ಹಾಲು ನಿಂತಿತಾ?”

ನಾನು ತಲೆಯಾಡಿಸಿದೆ.

“ಎಷ್ಟು ದಿನಕ್ಕೆ?”

ಬೆರಳು ತೋರಿಸಿದೆ.

“ಏನು ಮಾಡ್ಬೇಕು ಅಂತ ಯಾರಾದ್ರೂ ಹೇಳಿಕೊಟ್ರಾ?”

ಇಲ್ಲವೆಂದು ತಲೆಯಾಡಿಸಿದೆ. ಆಟೋದವನು ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಿದ್ದ. “ಭಯ್ಯಾ, ನೀನು ರಸ್ತೆ ನೋಡು” ಎಂದು ಅವನಿಗೆ ಹಿಂದಿಯಲ್ಲಿ ಹೇಳಿ, ನನ್ನ ಕಡೆ ತಿರುಗಿ, ತರಕಾರಿಯ ವಿಷಯ ಹೇಳುವಷ್ಟೇ ಸಲೀಸಾಗಿ ಹೇಳಿದರು: “ನನಗೂ ಒಂದು ಹೋಗಿದೆ ಕಣೇ. ಗಂಡು. ಆರು ದಿನ ಇತ್ತು. ಈ ಊರಿಗೆ ಬಂದ ಹೊಸದು. ಏಳನೇ ದಿನ ಹಾಲಿನ ಬೂತ್ ಮುಂದೆ ಕ್ಯೂ ನಿಂತಿದ್ದೆ. ಎಲ್ಲಿಟ್ರು ಅಂತ ಗೊತ್ತಿಲ್ಲ. ಕೇಳಬಾರದು ಅಂದ್ರು, ಕೇಳಲಿಲ್ಲ. ನಮ್ಮನೆಯವರೂ ಹೇಳಲಿಲ್ಲ. ಭಯ್ಯಾ, ಎಡಕ್ಕೆ, ಎಡಕ್ಕೆ! ಬೋರ್ಡು ಕಾಣಲ್ವಾ ನಿನಗೆ?”

ಇಳಿದ ಮೇಲೆ ನನ್ನ ಮೊಣಕೈ ಹಿಡಿದು ಎಚ್ಚರಿಸಿದರು. “ಇದನ್ನ ಆ ಡಾಕ್ಟ್ರಮ್ಮನ ಹತ್ರ ಹೇಳಬೇಡ. ಬರ್ಕೊಂಡುಬಿಡ್ತಾಳೆ.”

ಬರೆದುಕೊಂಡರೆ ಏನಾಗುತ್ತದೆ ಎಂಬುದು ಇಲ್ಲಿ ಮುಖ್ಯ. ದೇಶದ ಯಾವುದೇ ಆಸ್ಪತ್ರೆಯಲ್ಲಿ ಬರೆದದ್ದು, ಸರ್ಕಾರಿ ಆರೋಗ್ಯ ಕಾರ್ಡಿನ ದಾರಿ ಹಿಡಿದು, ಗಂಡನ ಸಚಿವಾಲಯಕ್ಕೆ ಬಂದೇ ಬರುತ್ತದೆ ಎಂದು ಅಕ್ಕಾಜಿ ನಂಬಿದ್ದರು. ಅಲ್ಲಿ ಅದು ಗಂಡನ ಫೈಲಿಗೆ ಸೇರುತ್ತದೆ. ಬಡ್ತಿಯ ದಿನ ಯಾರೋ ಜಾಯಿಂಟ್ ಸೆಕ್ರೆಟರಿ ಅದನ್ನು ತೆರೆದು, ಓಹೋ, ಹೆಂಡತಿಗೆ ತಲೆ ಸರಿಯಿಲ್ಲವೋ ಎನ್ನುತ್ತಾನೆ. ಇದು ಖಾಸಗಿ ಆಸ್ಪತ್ರೆ, ನಿಮ್ಮ ಕಾರ್ಡು ಇಲ್ಲಿ ನಡೆಯುವುದೇ ಇಲ್ಲ ಎಂದು ಡಾಕ್ಟರು ಮುಂದೊಮ್ಮೆ ತಿಳಿಸಿ ಹೇಳಿದರು. “ಹಾಗೇ ಹೇಳಿರ್ತಾರೆ ನಿಮಗೆ” ಎಂದು ಅಕ್ಕಾಜಿ ಅವರಿಗೇ ಸಮಾಧಾನ ಹೇಳಿದರು. ಹಾಜರಿ ಪುಸ್ತಕದಲ್ಲಿ ಎಂಟು ವಾರವೂ ಅವರ ಹೆಸರಿನ ಜಾಗದಲ್ಲಿ ‘ಜೊತೆಗೆ ಬಂದವರು’ ಎಂದೇ ಇತ್ತು.

ಮೊದಲ ದಿನ ಡಾಕ್ಟರು, ಜೊತೆಗೆ ಬಂದವರು ಹೊರಗೆ ಕೂರಬೇಕು ಎಂದರು. ಅಕ್ಕಾಜಿ ತಕರಾರಿಲ್ಲದೆ ಹೊರಗೆ ಕೂತರು. ನಮಗೆ ಕೊಟ್ಟಿದ್ದದ್ದು ಫಿಸಿಯೋಥೆರಪಿಯ ಕೋಣೆ. ಬಣ್ಣಬಣ್ಣದ ದೊಡ್ಡ ಚೆಂಡುಗಳು, ಮೂಲೆಯಲ್ಲಿ ತೂಗುಹಾಕಿದ ಒಂದು ಅಸ್ಥಿಪಂಜರ, ಪೂರ್ತಿ ಮುಚ್ಚಿಕೊಳ್ಳದ ಬಾಗಿಲು. ಲಾಜಪತ್ ನಗರದ ಬಟ್ಟೆ ಅಂಗಡಿಯವರ ಸೊಸೆಯಾದ ಪಂಜಾಬಿ ಹೆಂಗಸು, ಏಳು ತಿಂಗಳಿಗೆ ಹೋದ ಮಗುವಿನ ಬಗ್ಗೆ ಹೇಳುತ್ತ, “ನಮ್ಮತ್ತೆ ಹೇಳ್ತಾರೆ, ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದ್ದಕ್ಕೇ ಹೀಗಾಯ್ತಂತೆ” ಎಂದಳು. ಡಾಕ್ಟರು ಬಾಯಿ ತೆರೆಯುವ ಮೊದಲೇ ಬಾಗಿಲ ಸಂದಿಯಿಂದ ಉತ್ತರ ಬಂತು: “ನಿಮ್ಮತ್ತೆ ಯಾವ ಮೆಡಿಕಲ್ ಕಾಲೇಜು?”

ಪಂಜಾಬಿ ಅಳು ನಿಲ್ಲಿಸಿದಳು. ಡಾಕ್ಟರು ಎದ್ದು ಹೋಗಿ ಬಾಗಿಲನ್ನು ಒತ್ತಿ ಮುಚ್ಚಿದರು. ಅದು ಮತ್ತೆ ತೆರೆದುಕೊಂಡಿತು.

ಎರಡನೆಯ ಗುರುವಾರ ಅಕ್ಕಾಜಿ ಒಳಗಿದ್ದರು, ದುಭಾಷಿಯಾಗಿ. “ಈ ಹುಡುಗಿಗೆ ಕನ್ನಡ ಬಿಟ್ಟು ಬೇರೆ ಬರೋದಿಲ್ಲ” ಎಂದು ಡಾಕ್ಟರಿಗೆ ಹೇಳಿದ್ದರು. ನನಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅದನ್ನು ಹೇಳಲು ಬಾಯಿ ತೆರೆಯಬೇಕಾಗಿತ್ತಲ್ಲ. ಒಳಗೆ ಬಂದವರೇ ಮೊದಲು ಅಸ್ಥಿಪಂಜರವನ್ನು ಗೋಡೆಯ ಕಡೆ ತಿರುಗಿಸಿದರು. “ಹೆಂಗಸರು ಮಾತಾಡೋ ಕಡೆ ಇವನಿಗೇನು ಕೆಲಸ?”

ಡಾಕ್ಟರು ನನ್ನನ್ನು, ಈ ವಾರ ಹೇಗಿತ್ತು ಎಂದು ಕೇಳಿದರು. ನಾನು ನೆಲ ನೋಡಿದೆ. ಅಕ್ಕಾಜಿ ಗಂಟಲು ಸರಿಪಡಿಸಿಕೊಂಡು ಹೇಳತೊಡಗಿದರು: ನಿದ್ದೆ ಇಲ್ಲ, ಊಟ ಸೇರೋದಿಲ್ಲ, ಫೋನು ಬಂದರೆ ಎತ್ತೋದಿಲ್ಲ, ಯಾಕಂದ್ರೆ ಎತ್ತಿದರೆ ಆ ಕಡೆಯವರು ‘ಇನ್ನೂ ವಯಸ್ಸಿದೆ’ ಅಂತಾರೆ. ಒಂದು ಅಕ್ಷರವೂ ತಪ್ಪಿರಲಿಲ್ಲ.

“ಆದರೆ ಅವರು ಏನೂ ಹೇಳಲಿಲ್ಲವಲ್ಲ?” ಡಾಕ್ಟರು ಕೇಳಿದರು.

“ಹೇಳಲಿಲ್ಲ” ಎಂದರು ಅಕ್ಕಾಜಿ. “ಏನೇನು ಹೇಳಲಿಲ್ಲ ಅನ್ನೋದನ್ನ ನಾನು ಹೇಳ್ತಾ ಇದೀನಿ.”

ಡಾಕ್ಟರು ಅದನ್ನು ಬರೆದುಕೊಂಡರು. ಅವರು ಒಳ್ಳೆಯ ವೈದ್ಯೆ. ತನಗೆ ತಿಳಿಯದ್ದನ್ನು ಕಂಡಾಗ ಸುಮ್ಮನಿರುವ ಗುಣ ಅವರಲ್ಲಿತ್ತು.

ಪ್ರತಿವಾರ ಮೊದಲಿಗೆ ಒಂದು ಹಾಳೆ ಕೊಡುತ್ತಿದ್ದರು. ಅದರಲ್ಲಿ ಒಂದರಿಂದ ಹತ್ತರವರೆಗೆ ಮುಖಗಳು, ಅಳುವುದರಿಂದ ನಗುವುದರವರೆಗೆ. ನಮ್ಮದು ಯಾವುದೆಂದು ಗುರುತು ಹಾಕಬೇಕು. ಹರಿಯಾಣದ ಹೆಂಗಸಿಗೆ ಇದು ದೊಡ್ಡ ಕಷ್ಟ. ಮಾನೇಸರಿನ ಪಕ್ಕದ ಹಳ್ಳಿಯವಳು, ಎರಡನೆಯ ಕೂಸನ್ನೂ ಕಳೆದುಕೊಂಡು ಬಂದವಳು, ಮೂಗಿನವರೆಗೆ ಸೆರಗು ಎಳೆದುಕೊಂಡೇ ಕೂರುತ್ತಿದ್ದಳು. ನಾಲ್ಕಕ್ಕೂ ಐದಕ್ಕೂ ಏನು ವ್ಯತ್ಯಾಸ ಎಂದು ಅವಳು ಕೇಳಿದಾಗ ಅಕ್ಕಾಜಿ ಹಾಳೆಯನ್ನು ತಾವೇ ಎತ್ತಿಕೊಂಡು ದೂರ ಹಿಡಿದು ನೋಡಿದರು.

“ಹತ್ತು ಯಾಕೆ? ಇಡೀ ಭಾರತ ಸರ್ಕಾರ ಮೂರರಲ್ಲಿ ನಡೆಯತ್ತೆ. ಆಯ್ತು, ಆಗಲಿಲ್ಲ, ಪೆಂಡಿಂಗ್.”

ಅಂದಿನಿಂದ ಹಾಳೆ ಬದಿಗೆ ಸರಿಯಿತು. ಡಾಕ್ಟರು ಕೇಳಿದರೆ ಪಂಜಾಬಿ, “ಪೆಂಡಿಂಗ್, ಡಾಕ್ಟರ್‌ಜಿ” ಎನ್ನುತ್ತಿದ್ದಳು. ಹರಿಯಾಣದವಳು ಸೆರಗಿನೊಳಗಿಂದ, “ನಂದೂ” ಎನ್ನುತ್ತಿದ್ದಳು. ಬಂದು ಹೋಗುತ್ತಿದ್ದ ಇನ್ನಿಬ್ಬರು ಕೂಡ ಈ ಭಾಷೆ ಕಲಿತರು.

ಮೂರನೆಯ ಗುರುವಾರವೋ ನಾಲ್ಕನೆಯದೋ, ಮೂರನೆಯದು ಎಂದೇ ನನ್ನ ನೆನಪು, ಮಾತು ಊಟದ ಕಡೆ ಹೊರಳಿತು. ಪಂಜಾಬಿಯ ತವರಿನಿಂದ ಹೆರಿಗೆಗೆ ಮೊದಲೇ ಡಬ್ಬಿಗಟ್ಟಲೆ ಪಂಜೀರಿ, ಬಾಣಂತಿಗೆಂದು ತುಪ್ಪದಲ್ಲಿ ಹುರಿದ ಸಿಹಿ ಹಿಟ್ಟು, ಬಂದಿತ್ತಂತೆ. ಮಗು ಹೋದ ಮೇಲೆ ಅವಳ ಅತ್ತೆ ಅದನ್ನು ಅಂಗಡಿಯ ಕೆಲಸದವರಿಗೆ ಹಂಚಿದರು. ಹರಿಯಾಣದವಳ ಮನೆಯಲ್ಲಿ ತುಪ್ಪದಲ್ಲಿ ಹುರಿದ ಅಂಟಿನ ಲಾಡು ಮಾಡಿಟ್ಟಿದ್ದರು. ಎರಡೂ ಸಲ ಎಮ್ಮೆಗೆ ಹಾಕಿದರು. ಅವಳು ಇದನ್ನು ದೂರಿನಂತೆ ಹೇಳಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದಳು.

ಅಕ್ಕಾಜಿ ನನ್ನ ಕಡೆ ನೋಡಿದರು. “ನಿನಗೆ?”

ನಾನು ತಲೆಯಾಡಿಸಿದೆ.

“ಹೆತ್ತದ್ದು ಹೆತ್ತದ್ದೇ ತಾನೇ?” ಅವರ ದನಿ ಏರಿತು. ಕನ್ನಡದಲ್ಲಿ ಶುರುವಾದದ್ದು ಹಿಂದಿಗೆ ತಿರುಗಿತು. “ಹೆರೋವಾಗ ಸೊಂಟ ಬಿರಿಯಲಿಲ್ವಾ? ರಕ್ತ ಹೋಗಲಿಲ್ವಾ? ಮಗು ಹೋಯ್ತು ಅಂತ ಬಾಣಂತಿನೂ ಹೋದಳಾ? ಎಮ್ಮೆಗೆ ಹಾಕಿದ್ರಂತೆ! ಎಮ್ಮೆ ಹೆತ್ತಿತ್ತಾ?”

“ಹೆತ್ತಿತ್ತು” ಎಂದಳು ಹರಿಯಾಣದವಳು. “ಅದೇ ವಾರ.”

ಮುಂದಿನ ಗುರುವಾರ ಅಕ್ಕಾಜಿಯ ಕೈಯಲ್ಲಿ ನಾಲ್ಕು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ಇತ್ತು. ಹೊರಗಿನ ತಿಂಡಿ ಒಳಗೆ ಬಿಡುವಂತಿಲ್ಲ ಎಂದು ಗೇಟಿನ ಕಾವಲುಗಾರ ಅಡ್ಡ ನಿಂತ. ಅಕ್ಕಾಜಿ ಅವನ ಕಿವಿಯ ಹತ್ತಿರ ಹೋಗಿ, “ಸ್ಯಾಂಪಲ್. ಲ್ಯಾಬಿಗೆ. ನಾಲ್ಕು ಜನರದ್ದು. ತೆಗೆದು ತೋರಿಸ್ಲಾ?” ಎಂದರು. ಅವನು ಎರಡು ಹೆಜ್ಜೆ ಹಿಂದೆ ಸರಿದು ಸಲಾಮು ಹೊಡೆದ.

ಒಂದರಲ್ಲಿ ಬಿಸಿ ಅನ್ನ, ಒಂದರಲ್ಲಿ ಕರಿಮೆಣಸು ಬೆಳ್ಳುಳ್ಳಿಯ ಬಾಣಂತಿ ಸಾರು, ಒಂದರಲ್ಲಿ ತುಪ್ಪ, ಒಂದರಲ್ಲಿ ಅಂಟಿನುಂಡೆ. ಇದು ಚಿಕಿತ್ಸೆಯ ಸಮಯ, ಊಟದ್ದಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. “ನೀವು ಮಾತಾಡಿಸ್ತಾ ಇರಿ, ನಾವು ತಿಂತಾ ಇರ್ತೀವಿ” ಎಂದರು ಅಕ್ಕಾಜಿ. ನಾವು ಚೆಂಡುಗಳ ಮೇಲೆ ಕೂತು ಉಂಡೆವು. ಸಾರು ಎಷ್ಟು ಖಾರವಾಗಿತ್ತೆಂದರೆ ಎಲ್ಲರ ಮೂಗು ಕಣ್ಣಿನಿಂದ ನೀರು. ಅದರಲ್ಲಿ ಅಳು ಎಷ್ಟು, ಮೆಣಸು ಎಷ್ಟು ಎಂದು ಡಾಕ್ಟರಿಗೆ ಬರೆದುಕೊಳ್ಳಲು ಆಗಲಿಲ್ಲ. ಕೊನೆಗೆ ಅವರೂ ಒಂದು ಉಂಡೆ ತಿಂದರು. “ನೀವಿನ್ನೂ ಹೆತ್ತಿಲ್ಲ, ಅರ್ಧ ತಿನ್ನಿ ಸಾಕು” ಎಂದು ಅಕ್ಕಾಜಿ ಉಳಿದರ್ಧವನ್ನು ವಾಪಸು ಪಡೆದರು.

ಅವರು ಇಷ್ಟೆಲ್ಲ ಮಾತಾಡುತ್ತಿದ್ದರು, ತಮ್ಮ ಆರು ದಿನದ ಗಂಡುಮಗುವಿನ ಬಗ್ಗೆ ಮಾತ್ರ ಆ ಕೋಣೆಯಲ್ಲಿ ಒಂದು ಸಲವೂ ಬಾಯಿ ಬಿಡಲಿಲ್ಲ. ಎದುರಿಗೆ ಆ ಹಲಗೆ ಇತ್ತಲ್ಲ.

ಐದನೆಯ ಗುರುವಾರ ಡಾಕ್ಟರು ಒಂದು ಅಭ್ಯಾಸ ಕೊಟ್ಟರು. ಮನೆಯಲ್ಲಿ ಹೇಳಲಾಗದ ಮಾತನ್ನು ಇಲ್ಲಿ ಹೇಳಿ ನೋಡುವುದು. ಗುಂಪಿನಲ್ಲಿ ಯಾರಾದರೂ ಗಂಡನೋ ಅತ್ತೆಯೋ ಆಗಿ ಎದುರು ಕೂರುವುದು. ಹೇಳಲಾಗದಿದ್ದರೆ ಬರೆದುಕೊಡಿ ಎಂದು ನನಗೆ ಒಂದು ಚೀಟಿ ಕೊಟ್ಟರು. ನಾನು ಕನ್ನಡದಲ್ಲಿ ಬರೆದೆ. ಓದಿ ಹೇಳಲು ಅದನ್ನು ಅಕ್ಕಾಜಿಗೆ ಕೊಡಬೇಕಾಯಿತು. ಅವರು ಓದಿದರು. ಒಂದೇ ಸಾಲಿನ ಚೀಟಿಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ಕಿಟಕಿಯ ಕಡೆ ನೋಡುತ್ತ ಹಿಂದಿಯಲ್ಲಿ ಹೇಳಿದರು: “ಮಗಳನ್ನ ಎಲ್ಲಿಟ್ರು ಅಂತ ಗಂಡನ್ನ ಕೇಳಬೇಕಂತೆ.”

ಗಂಡ ಯಾರಾಗುತ್ತೀರಿ ಎಂದು ಡಾಕ್ಟರು ಕೇಳಿದಾಗ ಅಕ್ಕಾಜಿಯೇ ಎದ್ದರು. ಕುರ್ಚಿ ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ, ಡಾಕ್ಟರ ಹಲಗೆಯನ್ನು ಕಿತ್ತುಕೊಂಡು ಪೇಪರಿನಂತೆ ಮುಖಕ್ಕೆ ಅಡ್ಡ ಹಿಡಿದರು.

“ರೀ” ಎಂದೆ. ಆ ಕೋಣೆಯಲ್ಲಿ ನಾನಾಡಿದ ಮೊದಲ ಮಾತು ಅದು.

“ಹ್ಞೂಂ.”

“ಒಂದು ಕೇಳಬೇಕಿತ್ತು.”

“ಕಾಫಿ ಆಯ್ತಾ?”

ಡಾಕ್ಟರು ಅರ್ಥ ಕೇಳಿ ತಿಳಿದುಕೊಂಡು, “ಗಂಡ ಸ್ವಲ್ಪ ಗಮನ ಕೊಟ್ಟು ಕೇಳಲಿ” ಎಂದರು.

ಹಲಗೆ ಎರಡು ಇಂಚು ಕೆಳಗಿಳಿಯಿತು. ಉತ್ತರ ಈ ಸಲ ಹಿಂದಿಯಲ್ಲಿ: “ಹೇಳು, ಕೇಳಿಸ್ತಿದೆ. ಬಸ್ಸಿಗೆ ಹತ್ತು ನಿಮಿಷ ಇದೆ. ನನ್ನ ಇನ್ನೊಂದು ಸಾಕ್ಸು ಎಲ್ಲಿ?”

ಹರಿಯಾಣದವಳ ಸೆರಗು ಅಲುಗಾಡತೊಡಗಿತು. ಪಂಜಾಬಿ ಬಾಯಿಗೆ ಶಾಲು ತುರುಕಿಕೊಂಡಳು.

“ಅಕ್ಕಾಜಿ, ಇನ್ನೂ ಸ್ವಲ್ಪ ಪ್ರೀತಿಯಿರೋ ಗಂಡನಾಗಿ ಮಾಡಿ.”

“ಅಂಥವರನ್ನ ನಾನು ನೋಡಿಲ್ಲ, ಡಾಕ್ಟರ್. ನೋಡದೇ ಇರೋದನ್ನ ಹೇಗೆ ಮಾಡಿ ತೋರಿಸ್ಲಿ? ನೀವು ಮಾಡಿ.”

“ನನಗೆ ಮದುವೆ ಆಗಿಲ್ಲ.”

“ಅದಕ್ಕೇ ನಿಮಗೆ ಇನ್ನೂ ನಂಬಿಕೆ ಇದೆ.”

ನನಗೆ ನಗು ಬಂತು. ಎಂಬತ್ತು ದಿನಗಳ ಹತ್ತಿರ ಹತ್ತಿರ ಆಗಿತ್ತು ನಾನು ನಕ್ಕು. ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದು ನಗುವಾಗಿ ಉಳಿದಿರಲಿಲ್ಲ. ಅಕ್ಕಾಜಿ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು, ಎದ್ದು ಬರದೆ, ಗಂಡನಂತೆಯೇ ಕಾಲ ಮೇಲೆ ಕಾಲು ಹಾಕಿ ಕೂತೇ ಇದ್ದರು. ಆಮೇಲೆ ಕನ್ನಡದಲ್ಲಿ ಮೆಲ್ಲಗೆ ಹೇಳಿದರು: “ಅವನೂ ಹೀಗೇ ಕೂತಿರ್ತಾನೆ ಕಣೇ. ಏನು ಮಾಡ್ಬೇಕು ಅಂತ ಅವನಿಗೂ ಗೊತ್ತಾಗಲ್ಲ.”

ಏನು ಹೇಳಿದಿರಿ ಎಂದು ಡಾಕ್ಟರು ಕೇಳಿದರು. ಅದೊಂದನ್ನು ಮಾತ್ರ ಅಕ್ಕಾಜಿ ಅನುವಾದ ಮಾಡಲಿಲ್ಲ. ನನ್ನ ಪ್ರಶ್ನೆ ಅಂದೂ ಹಾಗೆಯೇ ಉಳಿಯಿತು.

ಆರು ಕಳೆಯಿತು, ಏಳು ಕಳೆಯಿತು. ಮುನಿರ್ಕಾದ ಮನೆಯಲ್ಲಿ ಪಾತ್ರೆಗಳು ಪೆಟ್ಟಿಗೆ ಸೇರತೊಡಗಿದವು. ದಿನಾ ರಾತ್ರಿ ಊಟಕ್ಕೆ ಕೂತಾಗ ‘ರೀ’ ಎನ್ನುತ್ತಿದ್ದೆ, ಅವರು ತಲೆಯೆತ್ತುತ್ತಿದ್ದರು, ನಾನು ‘ಮೊಸರು’ ಎನ್ನುತ್ತಿದ್ದೆ. ಆ ತಿಂಗಳು ಅವರು ತಿಂದಷ್ಟು ಮೊಸರನ್ನು ಬೇರೆ ಯಾವಾಗಲೂ ತಿಂದಿರಲಾರರು.

ಏಳನೆಯ ಗುರುವಾರ ಅಕ್ಕಾಜಿ ಘೋಷಿಸಿದರು: “ಭಾನುವಾರ ಎಲ್ಲರೂ ನಮ್ಮನೆಗೆ. ಎಣ್ಣೆ ನೀರು. ಸಾರು ಮಾತ್ರ ಕುಡಿಸಿ ನೀರು ಹಾಕದೆ ಬಿಟ್ರೆ ಅದು ಅರ್ಧ ಬಾಣಂತನ.”

“ಮೂರು ತಿಂಗಳಾಯ್ತಲ್ಲ, ಅಕ್ಕ” ಎಂದೆ. ಅಷ್ಟು ಹೊತ್ತಿಗೆ ನಾನು ಸ್ವಲ್ಪ ಸ್ವಲ್ಪ ಮಾತಾಡುತ್ತಿದ್ದೆ.

“ಅರಿಯರ್ಸ್ ಅಂತ ಇರತ್ತೆ ಕಣೇ ಸರ್ಕಾರದಲ್ಲಿ.”

ಬಾಣಂತಿಯ ನೀರೆಂದರೆ ಮೈ ಮೇಲೆ ಬಿದ್ದರೆ ಹೊಗೆ ಏಳಬೇಕು. ಸರ್ಕಾರಿ ಕ್ವಾರ್ಟರ್ಸಿನ ಗೀಸರು ಒಂದು ಬಕೆಟ್ಟು ಕೊಟ್ಟು ಸುಮ್ಮನಾಗುತ್ತದೆ. ಅಕ್ಕಾಜಿ ಕನ್ನಡ ಕೂಟದಿಂದ ಬಿಸಿಬೇಳೆಬಾತ್ ಮಾಡುವ ಹಂಡೆಯನ್ನೇ ತರಿಸಿದ್ದರು. ಅದಕ್ಕೆ ನೀರು ತುಂಬಿ, ಮೇಲಿನ ಕೆಳಗಿನ ಮನೆಗಳಿಂದ ಕೇಳಿ ತಂದ ನೀರು ಕಾಯಿಸುವ ಮೂರು ಕರೆಂಟು ರಾಡುಗಳನ್ನು ಒಟ್ಟಿಗೆ ಇಳಿಬಿಟ್ಟಿದ್ದರು. ಅವರ ಯಜಮಾನರು, ತೆಳ್ಳಗೆ ಉದ್ದಕ್ಕೆ ಇರುವವರು, ಹಂಡೆಯನ್ನೂ ಪ್ಲಗ್ಗುಗಳನ್ನೂ ನೋಡಿ, “ಇದಕ್ಕೆ ಈ ವೈರಿಂಗಿನ ಅನುಮೋದನೆ ಇಲ್ಲ” ಎಂದರು. ಅವರನ್ನು ವರಾಂಡಕ್ಕೆ ಕಳಿಸಲಾಯಿತು.

ಮೊದಲು ಪಂಜಾಬಿ. ಹರಳೆಣ್ಣೆ ಹಚ್ಚಿಸಿಕೊಳ್ಳುವಾಗ ಹಾಡು ಹೇಳುತ್ತಿದ್ದವಳು ಮೊದಲ ಚೊಂಬು ಸೊಂಟದ ಮೇಲೆ ಬಿದ್ದಾಗ, “ಹಾಯ್, ಮರ್ ಗಯೀ!” ಎಂದು ಕಿರುಚಿದ್ದಕ್ಕೆ ಎದುರು ಮನೆಯವರು ಓಡಿ ಬಂದರು. ಯಜಮಾನರು ಬಾಗಿಲಲ್ಲಿ ನಿಂತು, “ಏನಿಲ್ಲ. ಚಿಕಿತ್ಸೆ ಪ್ರಗತಿಯಲ್ಲಿದೆ” ಎಂದರು. ಆಮೇಲೆ ಹರಿಯಾಣದವಳು, ಒಂದು ಸದ್ದೂ ಮಾಡಲಿಲ್ಲ. ಸ್ನಾನವಾಗಿ ಬಂದಾಗ ಅವಳ ತಲೆಯ ಮೇಲೆ ಸೆರಗಿರಲಿಲ್ಲ. ಏಳು ವಾರದಲ್ಲಿ ಮೊದಲ ಸಲ ಅವಳ ಮುಖ ನೋಡಿದೆವು. ಬಹಳ ಚಿಕ್ಕ ಹುಡುಗಿ.

ಕೊನೆಗೆ ನಾನು. ಮಣೆಯ ಮೇಲೆ ಕೂರಿಸಿ, ಸ್ವೆಟರು ತೆಗೆದಿಟ್ಟು, ಅಕ್ಕಾಜಿ ನೀರು ಹಾಕಿದರು. ಬಾಣಂತಿಗೆ ನೀರು ಹಾಕುವುದೆಂದರೆ ಸುರಿಯುವುದಲ್ಲ, ಹೊಡೆಯುವುದು. ಒಂದು ಅಳತೆಯ ದೂರದಿಂದ, ಒಂದು ರಭಸದಿಂದ, ಬೆನ್ನಿನ ಒಂದೊಂದು ಗೆಣ್ಣಿಗೂ. ಯಾರೋ ನನ್ನ ಮೈಯನ್ನು, ಇದು ಹೆತ್ತ ಮೈ ಎಂದು ಒಪ್ಪಿಕೊಂಡು ಮುಟ್ಟಿದ್ದು ಅದೇ ಮೊದಲು. ನಾನು ಹೇಳಿದೆ: “ಅವಳಿಗೆ ತಲೆ ತುಂಬ ಕೂದಲಿತ್ತು, ಅಕ್ಕ.”

“ಹೌದಾ” ಎಂದರು. ಚೊಂಬು ನಿಲ್ಲಲಿಲ್ಲ. “ಗುಂಗುರಾ, ನೀಟಾ?”

“ಗುಂಗುರು.”

“ಅಪ್ಪನದು” ಎಂದರು.

ಅಷ್ಟರಲ್ಲಿ ಹಂಡೆಯಲ್ಲಿ ಚಟ್ ಎಂದಿತು. ಮೆಟ್ಟಿಲಿನ ಎಂಟೂ ಮನೆಗಳ ಕರೆಂಟು ಹೋಯಿತು.

ನನ್ನ ಗಂಡ ನನ್ನನ್ನು ಕರೆದೊಯ್ಯಲು ಬಂದಾಗ ಸಂಜೆಯ ಬೆಳಕು ಇಳಿಯುತ್ತಿತ್ತು. ನಡುಮನೆಯಲ್ಲಿ ಒಂದು ಮೇಣದಬತ್ತಿ. ಮೂವರು ಹೆಂಗಸರು ತಲೆಗೆ ಬಟ್ಟೆ ಸುತ್ತಿ, ಹೊಟ್ಟೆಗೆ ಹಳೆ ಸೀರೆ ಬಿಗಿದು, ಸಾಂಬ್ರಾಣಿಯ ಹೊಗೆಯ ನಡುವೆ ಕಂಬಳಿ ಹೊದ್ದು ಗೋಡೆಗೆ ಒರಗಿದ್ದೆವು. ಬಾಗಿಲ ಪಕ್ಕ ಯಜಮಾನರು ಸ್ಟೂಲಿನ ಮೇಲೆ ನಿಂತು, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಫ್ಯೂಸಿನ ತಂತಿ ಸುತ್ತುತ್ತಿದ್ದರು. ಅಡುಗೆಮನೆಯಲ್ಲಿ ಅಕ್ಕಾಜಿ ಸಾರು ಕುದಿಸುತ್ತಿದ್ದರು. ನನ್ನ ಗಂಡ ಹೊಸ್ತಿಲಲ್ಲೇ ನಿಂತು ನಾನು ಯಾರೆಂದು ಹುಡುಕಿದರು.

“ರೀ” ಎಂದೆ.

ಅವರು ಕಾದರು. ಈ ಸಲ ನನ್ನ ಬಾಯಿಗೆ ಮೊಸರು ಬರಲಿಲ್ಲ.

“ಅವಳನ್ನ ಎಲ್ಲಿಟ್ರಿ?”

ಪಂಜಾಬಿಗೂ ಹರಿಯಾಣದವಳಿಗೂ ಕನ್ನಡ ಬಾರದು. ಆದರೂ ಇಬ್ಬರೂ ಕಾಲು ಮಡಚಿಕೊಂಡು ನೆಟ್ಟಗೆ ಕೂತರು. ನನ್ನ ಗಂಡ ಶೂ ಕಳಚದೆಯೇ ನನ್ನ ಎದುರು ನೆಲದ ಮೇಲೆ ಕೂತರು.

“ನೀನು ಕೇಳ್ತೀಯ ಅಂತ ಕಾಯ್ತಾ ಇದ್ದೆ” ಎಂದರು. “ಕೇಳಿಬಿಟ್ರೆ ಏನು ಗತಿ ಅಂತಾನೂ ಇತ್ತು.” ಆಮೇಲೆ ಹೇಳಿದರು. ಸ್ಮಶಾನದ ಹಿಂಭಾಗದಲ್ಲಿ ಚಿಕ್ಕ ಮಕ್ಕಳಿಗೆಂದೇ ಒಂದು ಜಾಗವಿದೆ, ಕಾಂಪೌಂಡಿನ ಪಕ್ಕ, ಜಾಲಿ ಮರದ ಕೆಳಗೆ. ನನ್ನ ಅಮ್ಮ ತಂದಿದ್ದ ಹಳದಿ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿದ್ದರಂತೆ. ತಲೆಯ ಕಡೆ ಒಂದು ಬಿಳಿ ಕಲ್ಲು ಇಟ್ಟಿದ್ದಾರಂತೆ. “ಬೆಳಿಗ್ಗೆ ಬಿಸಿಲು ಬೀಳತ್ತೆ ಅಲ್ಲಿಗೆ” ಎಂದರು. “ಹೋಗೋಣ. ಪುಣೆಗೆ ಹೋಗೋದರೊಳಗೆ. ನಾಳೆ ಬೇಕಾದ್ರೆ ನಾಳೆ.”

ಅಡುಗೆಮನೆಯ ಸದ್ದು ನಿಂತಿತ್ತು. ಅಕ್ಕಾಜಿ ಸೌಟು ಹಿಡಿದು ಬಾಗಿಲಲ್ಲಿದ್ದರು. ನಮ್ಮ ಕಡೆ ನೋಡಲಿಲ್ಲ. ಸ್ಟೂಲಿನ ಕಡೆ ನೋಡಿದರು.

“ರೀ.”

ಯಜಮಾನರು ಟಾರ್ಚನ್ನು ಬಾಯಿಂದ ತೆಗೆದರು. “ಆಯ್ತು, ಇವಳೇ. ಒಂದೇ ನಿಮಿಷ. ತಂತಿ ಕೂತಿದೆ.”

“ತಂತಿ ಇರಲಿ. ನಮ್ಮದನ್ನ ಎಲ್ಲಿಟ್ರಿ?”

ಅವರು ತಿರುಗಲಿಲ್ಲ. ಫ್ಯೂಸಿನ ಪೆಟ್ಟಿಗೆಗೆ ಮುಖ ಮಾಡಿಕೊಂಡೇ, ಒಂದು ಕ್ಷಣವೂ ತಡೆಯದೆ, ಬಾಯಿಪಾಠ ಮಾಡಿದ್ದನ್ನು ಒಪ್ಪಿಸುವಂತೆ ಹೇಳಿದರು: “ಯಮುನೆ ದಡ. ಹಳೇ ಪಂಪ್‌ಹೌಸಿಂದ ಬಲಕ್ಕೆ ಮೂವತ್ತೆರಡು ಹೆಜ್ಜೆ. ಅತ್ತಿ ಮರದ ಬುಡ. ಮರ ಈಗಿಲ್ಲ, ರಸ್ತೆ ಅಗಲ ಮಾಡುವಾಗ ಕಡಿದರು. ಪಂಪ್‌ಹೌಸ್ ಇದೆ.”

“ಮರ ಕಡಿದಿದ್ದು ನಿಮಗೆ ಹೇಗೆ ಗೊತ್ತು?”

“ಹೋಗ್ತೀನಲ್ಲ.”

“ಯಾವಾಗ?”

“ವರ್ಷಕ್ಕೊಂದು ಸಲ. ಅದೇ ದಿನ.”

ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ಒಬ್ಬರೇ ಹೋಗ್ತೀರಾ?” ಎಂದು ಕೇಳಿದರು.

ಯಜಮಾನರು ತಂತಿಯ ತುದಿಯನ್ನು ಬೆರಳಿನಿಂದ ಒತ್ತಿ ಒತ್ತಿ ಕೂರಿಸುತ್ತಿದ್ದರು. ಅದು ಆಗಲೇ ಕೂತಿತ್ತು.

ಅಕ್ಕಾಜಿ ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಒಂದೇ ಲೋಟ ಇತ್ತು. ಕಂಬಳಿ ಹೊದ್ದ ನಮ್ಮ ಮೂವರನ್ನೂ ದಾಟಿ ಸ್ಟೂಲಿನ ಹತ್ತಿರ ಹೋಗಿ ಅದನ್ನು ಮೇಲಕ್ಕೆ ಹಿಡಿದರು. ಅವರು ಬಗ್ಗಿ ತೆಗೆದುಕೊಂಡು, ಸ್ಟೂಲಿನ ಮೇಲೆ ನಿಂತೇ ಒಂದು ಗುಟುಕು ಕುಡಿದರು. ಕೆಮ್ಮಿದರು.

“ಖಾರ ಆಗಿದೆ” ಎಂದರು.

“ಬಾಣಂತಿ ಸಾರು ಖಾರವಾಗೇ ಇರತ್ತೆ” ಎಂದರು ಅಕ್ಕಾಜಿ. “ಪೂರ್ತಿ ಕುಡೀರಿ.”